ನೆರಳಿನ ಅಳತೆ

ದೊರೆಗಳ ಬಂಗಲೆಯ ಹಿಂದೆ ಆಳಿನ ಕೋಣೆ:
ಎಂಟಡಿ, ಏಳಡಿ, ಒಂದೇ ಬಾಗಿಲು.
ಅದನ್ನೇ ಆರು ವರ್ಷ ನಕಲು ತೆಗೆದ ಕೈ
ಒಂದು ಮಧ್ಯಾಹ್ನ, ದೊರೆ ಊಟಕ್ಕೆದ್ದು ಹೋದಾಗ,
ಪಡುವಣ ಗೋಡೆಗೊಂದು ಕಿಟಕಿ ಎಳೆಯಿತು,
ಉಗುರಿನಷ್ಟು.
ಯಾರ ಕಣ್ಣಿಗೂ ಬೀಳಲಿಲ್ಲ.
ಕಿಟ್ವೆಯ ಗಣಿಪೇಟೆಯಲ್ಲಿ ನೂರ ನಲವತ್ತು ಕೋಣೆ ಎದ್ದವು,
ನೂರ ನಲವತ್ತು ಕಿಟಕಿ.
ಅವುಗಳಲ್ಲೊಂದರ ಕೆಳಗೆ ನಾನು ಹುಟ್ಟಿದೆ.

ಇದನ್ನೆಲ್ಲ ಕಪೆಂಬ್ವಾ ನನಗೆ ಹೇಳಿದ್ದು ಬಹಳ ಆಮೇಲೆ,
ಬ್ಲೇಡಿನಲ್ಲಿ ತಪ್ಪು ಗೆರೆ ಹೆರೆಯುವುದನ್ನು ಕಲಿಸುತ್ತ:
"ಮೆಲ್ಲಗೆ. ಕಾಗದಕ್ಕೂ ಚರ್ಮವಿದೆ."
ನಾನು ಹುಟ್ಟಿದ ಸಂಗತಿ ಆಗ ಬಾಯಿಬಿಡಲಿಲ್ಲ.
ಹದಿನೆಂಟು ವರ್ಷ ನನಗೆ; ಕಚೇರಿ ತುಂಬ ಅಮೋನಿಯಾ;
ಅಳುವುದಕ್ಕೆ ಅಲ್ಲಿ ಕಾರಣ ಹುಡುಕಬೇಕಿರಲಿಲ್ಲ.

ಬಾವುಟ ಬದಲಾದ ರಾತ್ರಿ ಅವರು ದೇಶದಲ್ಲಿರಲಿಲ್ಲ.
ಮಂಜು ಕವಿದ ಯಾವುದೋ ಬಂದರಿನ ಊರಲ್ಲಿ, ಪರೀಕ್ಷೆಗೆ,
ಹಿಮದ ಭಾರ ಹೊರುವ ಚಾವಣಿಯ ಲೆಕ್ಕ ಮಾಡುತ್ತಿದ್ದರು.
ಮರಳಿದಾಗ ಮೈಮೇಲೊಂದು ಕೋಟು, ಎದೆಯಲ್ಲೊಂದು ಕೆಮ್ಮು,
ಜೇಬಿನಲ್ಲಿ ರಬ್ಬರು ಮೊಹರು.
ಈ ನೆಲದವರ ಹೆಸರಿದ್ದ ಮೊಹರು ನಮ್ಮೂರಲ್ಲಿ ಅದೇ ಮೊದಲು.
ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ
"ಧಣಿ ಎಲ್ಲಿ?" ಎಂದು ಅವರನ್ನೇ ಕೇಳಿದ.

ಮಂತ್ರಿಗೆ ಇಪ್ಪತ್ತು ಮಹಡಿ ಬೇಕಿತ್ತು. ಹೊಸ ದೇಶ, ಎತ್ತರ ಬೇಡವೇ?
"ಹೊಸ ದೇಶ ಬಿಸಿಲಲ್ಲಿ ನಿಂತು ಬಸ್ಸು ಕಾಯುತ್ತಿದೆ, ಸ್ವಾಮಿ."
ಬಸ್‌ಸ್ಟ್ಯಾಂಡೇ ಗಂಟುಬಿತ್ತು, ಶಿಕ್ಷೆಯ ಹಾಗೆ.

ಅಕ್ಟೋಬರಿನಲ್ಲಿ ನನ್ನ ಕೈಗೆ ಸುಣ್ಣದ ಡಬ್ಬಿ ಕೊಟ್ಟು
ಸಂತೆಯ ಮಾವಿನ ಮರದಡಿ ಕೂರಿಸಿದರು.
ಗಂಟೆಗೊಮ್ಮೆ ನೆರಳಿನ ಅಂಚಿಗೆ ಗುರುತು ಹಾಕು;
ಹೆಂಗಸರು ಎಷ್ಟು ಬಿಟ್ಟು ಕೂರುತ್ತಾರೆ, ಬರೆದುಕೋ.
ಬರೆದುಕೊಂಡೆ: ಒಣಮೀನಿನ ಒಂದು ಬುಟ್ಟಿ,
ಮಲಗಿದ ಒಂದು ಮಗು,
ಜಗಳಕ್ಕೆಂದು ನಡುವೆ ಒಂದು ಗೇಣು.
ಅದೇ ಅವರ ಅಳತೆಗೋಲಾಯಿತು. ಅಡಿ, ಇಂಚು, ಬರೀ ಅದರ ಅನುವಾದ.

ಗೋಡೆ ಇಲ್ಲ. ಊರ ಹಿರಿಯರು ಕೂತು ಮಾತಾಡುವ
ಇನ್ಸಾಕದ ಹಾಗೆ ಕಂಬ, ಸೂರು, ಗಾಳಿ.
ಇಟ್ಟಿಗೆ ಹುತ್ತದ ಮಣ್ಣಿನದು. ಚಾವಣಿ ತಾಮ್ರದ್ದು:
"ನಮ್ಮಪ್ಪಂದಿರು ಇಷ್ಟು ವರ್ಷ ಅಗೆದದ್ದರಲ್ಲಿ
ಒಂದು ತಗಡಾದರೂ ನಮ್ಮ ತಲೆ ಮೇಲಿರಲಿ."

ಅರ್ಧ ಹೊದಿಸುವಷ್ಟರಲ್ಲಿ ತಾಮ್ರದ ಬೆಲೆ ಬಿತ್ತು.
ಉಳಿದರ್ಧ ಸತುವಿನ ತಗಡು.
ಮಳೆ ಬಂದರೆ ಎರಡು ದನಿ: ಒಂದು ಗೊಣಗು, ಒಂದು ಗದ್ದಲ.

ಉದ್ಘಾಟನೆಯ ದಿನ ಕಂತ್ರಾಟುದಾರನಿಗೆ ಹಾರ ಬಿತ್ತು,
ಇವರ ಹೆಸರು ಮರೆತೇಹೋಯಿತು. ಇವರಿಗೆ ಅದರ ಪರಿವೆಯಿಲ್ಲ.
ಹೆಂಗಸರು ಬಸ್ಸಿಗೆ ಬೆನ್ನು ಹಾಕಿ ಕೂತದ್ದನ್ನೇ ನೋಡುತ್ತಿದ್ದರು.
ಧೂಳು ಆ ಕಡೆಯಿಂದ ಬರುತ್ತದೆ; ಹೊಳೆದಿರಲಿಲ್ಲ.
ರಾತ್ರಿಯಿಡೀ ಕೂತು ನಕ್ಷೆಯಲ್ಲಿ ಬೆಂಚುಗಳನ್ನು ತಿರುಗಿಸಿದರು.
ಕಟ್ಟಿ ಮುಗಿದ ಮೇಲೆ ನಕ್ಷೆ ತಿದ್ದುವ
ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೆ? ಆಮೇಲೆ ಹೆಚ್ಚೇನಿಲ್ಲ.
ಚರ್ಚಿನ ಪಾಯಿಖಾನೆ, ಭಾವಮೈದುನನ ಕೋಳಿಮನೆ,
ಸುರುಳಿ ಸುತ್ತಿಟ್ಟ ಒಂದು ವಿಶ್ವವಿದ್ಯಾಲಯ, ಒಂದು ಆಸ್ಪತ್ರೆ.
ಆ ಸುರುಳಿಗಳನ್ನು ಇಲಾಖೆಯ ಬೀರುವಿನಲ್ಲಿ ಗೆದ್ದಲು ತಿಂದವು.
"ಹುತ್ತದ ಸಾಲ," ನಕ್ಕರು, "ಬಡ್ಡಿ ಸಮೇತ ತೀರಿತು."

ಕೊನೆಯ ಸಲ ನೋಡಲು ಹೋದಾಗ ಹೇಳಿದೆ:
ಆ ಕಿಟಕಿಗಳಲ್ಲೊಂದರ ಕೆಳಗೆ ಹುಟ್ಟಿದವಳು ನಾನು.
ಕಣ್ಣು ಒದ್ದೆಯಾದೀತು ಅಂದುಕೊಂಡಿದ್ದೆ.
ಅವರು ಬಹಳ ಹೊತ್ತು ಲೆಕ್ಕ ಹಾಕಿದರು.
"ಪಡುವಣಕ್ಕೆ ಇಟ್ಟದ್ದು ತಪ್ಪು. ಸಂಜೆ ಸೆಕೆ ಆಗುತ್ತಿತ್ತಲ್ಲ?"

ಆಗುತ್ತಿತ್ತು, ಎಂದೆ.
ಅಮ್ಮ ಉಡುವ ಚಿತೆಂಗೆಯನ್ನೇ ಅಡ್ಡ ಕಟ್ಟುತ್ತಿದ್ದಳು.

"ಯಾವ ಬಣ್ಣದ್ದು?" ಕೇಳಿದರು.